ಮೆಚ್ಚಿನ ಅನಿಮೆ ಯಾವುದು? – ಒಂದು ಪ್ರಶ್ನೆಯ ಚರಿತ್ರೆ

ಮನೆಯ ಪುಸ್ತಕದ ಕಪಾಟನ್ನು ಕಂಡರೆ ಮನೆಯವರ ಮನಸ್ಸನ್ನೇ ಕಂಡಂತೆ ಎಂದು ನಂಬುವವರಲ್ಲಿ ಕನ್ನಡ ಓದುಗರಾದ ನಾವು ಹಿಂದೆ ಬಿದ್ದವರಲ್ಲ. ಭೈರಪ್ಪನವರನ್ನು ಮೆಚ್ಚುವಿರೋ ಅನಂತಮೂರ್ತಿಯವರನ್ನೋ ಎಂದು ಕೇಳಿ, ಉತ್ತರ ಬಂದೊಡನೆ ಎದುರಿನವರ ರಾಜಕೀಯ, ಸ್ವಭಾವ, ಸಂಸ್ಕಾರಗಳನ್ನೆಲ್ಲ ಅಳೆದುಬಿಡುವ ಅಭ್ಯಾಸ ನಮ್ಮ ಸಾಹಿತ್ಯ ಬಳಗಗಳಿಗೆ ಹೊಸದಲ್ಲ. ಇಂದು ಹೊರನಾಡಿನ ಕನ್ನಡ ಮನೆಗಳ ಹದಿಹರೆಯದವರು ತಮ್ಮತಮ್ಮಲ್ಲಿ ಕೇಳಿಕೊಳ್ಳುವ ಪ್ರಶ್ನೆ ಬೇರೆ: ನಿನ್ನ ಮೆಚ್ಚಿನ ಅನಿಮೆ ಯಾವುದು? ಜಪಾನಿನಲ್ಲಿ ತಯಾರಾದ ಅನಿಮೇಷನ್ ಚಿತ್ರಗಳಿಗೂ ಧಾರಾವಾಹಿಗಳಿಗೂ ಲೋಕದಲ್ಲಿ ಅನಿಮೆ ಎಂಬ ಹೆಸರೇ ನಿಂತಿದೆ. ಪ್ರಶ್ನೆ ಹಗುರವಾಗಿ ಕಂಡರೂ ಅದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ. ಅಭಿರುಚಿಯ ಮೂಲಕ ಮನುಷ್ಯನನ್ನು ಓದಬಹುದೇ, ಓದಿದರೆ ಎಷ್ಟರ ಮಟ್ಟಿಗೆ ಎಂಬುದಕ್ಕೆ ಆ ಚರಿತ್ರೆಯೇ ಒಂದು ಉತ್ತರವನ್ನು ಒದಗಿಸುತ್ತದೆ.

1974ರ ಅಕ್ಟೋಬರ್ 6, ಭಾನುವಾರ. ಸಂಜೆ ಏಳೂವರೆಗೆ ಜಪಾನಿನ ಒಂದು ವಾಹಿನಿಯಲ್ಲಿ 'ಬಾಹ್ಯಾಕಾಶ ಯುದ್ಧನೌಕೆ ಯಮಾಟೊ' ಎಂಬ ಹೊಸ ಧಾರಾವಾಹಿ ಆರಂಭವಾಯಿತು. 1945ರ ಏಪ್ರಿಲ್‌ನಲ್ಲಿ ಮುಳುಗಿದ ಜಪಾನಿ ಯುದ್ಧನೌಕೆಯೊಂದು ಭೂಮಿಯನ್ನು ಉಳಿಸಲು ಆಕಾಶಕ್ಕೇರುವ ಕಥೆ ಅದು. ಅದೇ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ, ಆ ವರ್ಷದ ಜನವರಿಯಿಂದಲೇ ಮನೆಮನೆಯನ್ನೂ ಗೆದ್ದುಕೊಂಡಿದ್ದ 'ಆಲ್ಪ್ಸ್‌ನ ಹುಡುಗಿ ಹೈಡಿ' ಪ್ರಸಾರವಾಗುತ್ತಿತ್ತು. ತಾಕಾಹಾತಾ ಇಸಾವೊ ಅದರ ನಿರ್ದೇಶಕರು. ದೃಶ್ಯವಿನ್ಯಾಸದ ಹೊಣೆ ಮಿಯಾಜಾಕಿ ಹಾಯಾವೊ ಅವರದು. ಮನೆಗೊಂದೇ ಟಿ.ವಿ. ಇದ್ದ ಕಾಲ. ಸೋನಿಯ ಬೀಟಾಮ್ಯಾಕ್ಸ್ ಯಂತ್ರ ಮಾರುಕಟ್ಟೆಗೆ ಬಂದದ್ದೇ 1975ರಲ್ಲಿ. ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಧ್ವನಿಮುದ್ರಿಸಿ, ಚಿತ್ರಮುದ್ರಿಸಿ ಇಟ್ಟುಕೊಳ್ಳುವ ಮಾತಿರಲಿಲ್ಲ. ಹುಲ್ಲುಗಾವಲೋ ನಕ್ಷತ್ರಲೋಕವೋ, ಎರಡರಲ್ಲೊಂದನ್ನು ಬಿಡಲೇಬೇಕಿತ್ತು. ಬಿಟ್ಟದ್ದರ ಬೆಲೆ ತೆತ್ತು ಪಡೆದದ್ದಾದ್ದರಿಂದ ಆ ಆಯ್ಕೆಗೆ ತೂಕವಿತ್ತು. ಆದರೆ ಆಯ್ಕೆ ಮಾಡುತ್ತಿದ್ದವರು ಯಾರು? ಅನೇಕ ಮನೆಗಳಲ್ಲಿ ಅದು ಅಣ್ಣನ ಹಟ, ತಂಗಿಯ ಅಳು, ತಾಯಿಯ ತೀರ್ಪು. ಮೆಚ್ಚುಗೆ ಎಂದು ನಾವು ಕರೆಯುವುದರಲ್ಲಿ ಮನೆಯ ಗದ್ದುಗೆ ಯಾರದಾಗಿತ್ತು ಎಂಬ ಸಂಗತಿಯೂ ಸೇರಿಕೊಂಡಿರುತ್ತದೆ.

ಆ ಸ್ಪರ್ಧೆಯಲ್ಲಿ ಯಮಾಟೊ ಸೋತಿತು. 39 ಕಂತುಗಳೆಂದು ಯೋಜಿಸಿದ್ದು 26ಕ್ಕೇ ಮುಗಿಯಿತು. ಆದರೆ ಅದನ್ನು ನೋಡಿದ ಅಲ್ಪಸಂಖ್ಯಾತರು ಸುಮ್ಮನಾಗಲಿಲ್ಲ. ಸಂಭಾಷಣೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡು ಮತ್ತೆಮತ್ತೆ ಕೇಳಿದರು, ಸಂಘಗಳನ್ನು ಕಟ್ಟಿದರು, ಕೈಬರಹದ ಪತ್ರಿಕೆಗಳನ್ನು ಹಂಚಿದರು, ಮರುಪ್ರಸಾರಕ್ಕೆ ಒತ್ತಾಯಿಸಿದರು. 1977ರ ಆಗಸ್ಟ್‌ನಲ್ಲಿ ಆ ಕಂತುಗಳನ್ನೇ ಸಂಕಲಿಸಿದ ಚಲನಚಿತ್ರ ತೆರೆಕಂಡಾಗ ಯುವಜನ ಹಿಂದಿನ ರಾತ್ರಿಯಿಂದಲೇ ಚಿತ್ರಮಂದಿರಗಳ ಮುಂದೆ ಸಾಲುಗಟ್ಟಿದ್ದರು. ಮಕ್ಕಳ ಕಾರ್ಯಕ್ರಮವೆಂದು ತಿಳಿದಿದ್ದುದಕ್ಕೆ ಇಷ್ಟು ಬೆಳೆದ ಪ್ರೇಕ್ಷಕರಿದ್ದಾರೆಂಬುದು ಉದ್ಯಮಕ್ಕೆ ಆಗ ಕಣ್ಣಿಗೆ ಬಿತ್ತು. ಮರುವರ್ಷ ತೊಕುಮಾ ಶೋತೆನ್ ಪ್ರಕಾಶನ 'ಅನಿಮೇಜ್' ಮಾಸಪತ್ರಿಕೆಯನ್ನು ಆರಂಭಿಸಿತು. 1979ರಿಂದ ಆ ಪತ್ರಿಕೆ ಓದುಗರ ಮತದಿಂದ ವರ್ಷದ ಶ್ರೇಷ್ಠ ಕೃತಿಯನ್ನೂ ಪಾತ್ರವನ್ನೂ ಆರಿಸತೊಡಗಿತು. ನಿಮ್ಮ ಮೆಚ್ಚಿನದು ಯಾವುದು ಎಂಬ ಪ್ರಶ್ನೆ ಹೀಗೆ ಅಚ್ಚಾದ ನಮೂನೆಯಾಯಿತು. ಖಾಸಗಿಯಾಗಿದ್ದ ಒಲವು ಲೆಕ್ಕಕ್ಕೆ ಸಿಕ್ಕಿತು, ಪಟ್ಟಿಯಾಯಿತು, ಗುರುತಿನ ಚೀಟಿಯೂ ಆಯಿತು.

ಅದೇ 1979ರಲ್ಲಿ ತೊಮಿನೊ ಯೊಶಿಯುಕಿ ನಿರ್ದೇಶಿಸಿದ 'ಮೊಬೈಲ್ ಸೂಟ್ ಗಂಡಮ್' ಬಂತು. ಆಟಿಕೆ ಕಂಪನಿಯ ಪ್ರಾಯೋಜಕತ್ವದಲ್ಲಿ ಚಿಕ್ಕ ಹುಡುಗರಿಗಾಗಿ ತಯಾರಾದ ಯಂತ್ರಮಾನವರ ಕಥೆ ಅದು ಎಂಬುದು ಹಣ ಹಾಕಿದವರ ಎಣಿಕೆ. ಆಟಿಕೆ ನಿರೀಕ್ಷೆಯಂತೆ ಮಾರಾಟವಾಗಲಿಲ್ಲ. 52 ಕಂತುಗಳ ಕಥೆ 43ಕ್ಕೆ ನಿಂತಿತು. ಆದರೆ ಅದನ್ನು ಮೊದಲು ಎದೆಗೊತ್ತಿಕೊಂಡವರಲ್ಲಿ ಹದಿಹರೆಯದ ಹುಡುಗಿಯರು ಗಣನೀಯ ಸಂಖ್ಯೆಯಲ್ಲಿದ್ದರು. ಅವರು ನೋಡಿದ್ದು ಕಬ್ಬಿಣದ ಮೈಗಳನ್ನಲ್ಲ, ಯುದ್ಧದಲ್ಲಿ ಸಿಲುಕಿದ ಹುಡುಗರ ಮುಖಗಳನ್ನು. ಇದೇನೂ ಅಪವಾದವಲ್ಲ. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ 32 ಗುಂಪುಗಳು ಸೇರಿ ನಡೆಸಿದ ಮೊದಲ 'ಕಾಮಿಕ್ ಮಾರ್ಕೆಟ್'ಗೆ ಬಂದ ಸುಮಾರು 700 ಮಂದಿಯಲ್ಲಿ ಬಹುಪಾಲು ಶಾಲಾ ಬಾಲಕಿಯರೇ. ಯಾರಿಗಾಗಿ ತಯಾರಾಯಿತು ಎಂಬುದರಿಂದ ಯಾರು ಮೆಚ್ಚುತ್ತಾರೆ ಎಂಬುದನ್ನು ಊಹಿಸಲಾಗದು ಎಂಬ ಪಾಠವನ್ನು ಮಾರುಕಟ್ಟೆ ಅಂದೇ ಕಲಿಯಬೇಕಾಯಿತು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೈಡಿಯ ಅನೇಕ ಕಂತುಗಳಿಗೆ ಚಿತ್ರಕಥಾಫಲಕ ಬರೆದಿದ್ದವರು ಇದೇ ತೊಮಿನೊ. ಗಂಡಮ್‌ನ ಪಾತ್ರಗಳಿಗೆ ರೂಪ ಕೊಟ್ಟ ಯಾಸುಹಿಕೊ ಯೊಶಿಕಾಜು ಯಮಾಟೊದಲ್ಲಿ ದುಡಿದವರು. ಭಾನುವಾರದ ಏಳೂವರೆಗೆ ಮನೆಗಳನ್ನು ಎರಡು ಪಕ್ಷವಾಗಿ ಒಡೆದಿದ್ದ ಕೃತಿಗಳ ಹಿಂದಿನ ಕೈಗಳು ಐದೇ ವರ್ಷಗಳಲ್ಲಿ ಒಂದೇ ಕೃತಿಯಲ್ಲಿ ಕೂಡಿಕೊಂಡಿದ್ದವು. ನೋಡುವವರು ಗೋಡೆ ಎತ್ತಿದ ಕಡೆ ಮಾಡುವವರು ಬಾಗಿಲಿಟ್ಟುಕೊಂಡಿದ್ದರು.

1981ರ ಫೆಬ್ರವರಿ 22ರಂದು ಟೋಕಿಯೊದ ಶಿಂಜುಕು ನಿಲ್ದಾಣದ ಮುಂದೆ ಗಂಡಮ್ ಚಲನಚಿತ್ರದ ಪ್ರಚಾರಸಭೆ ನಡೆಯಿತು. ಸಾವಿರಾರು ಯುವಜನ ನೆರೆದಿದ್ದ ಆ ಸಭೆಯಲ್ಲಿ ಅನಿಮೆಯ ಹೊಸ ಶತಮಾನದ ಘೋಷಣೆಯನ್ನು ಓದಲಾಯಿತು. ಸಾರಾಂಶವಿಷ್ಟು: ಇದು ಎಳಸು ಹವ್ಯಾಸವಲ್ಲ, ನಮ್ಮ ಕಾಲದ ಕಲೆ. ಪಾತ್ರಗಳ ವೇಷ ತೊಟ್ಟು ಅದನ್ನು ಓದಿದವರಲ್ಲೊಬ್ಬರಾದ ನಾಗಾನೊ ಮಾಮೊರು ಮುಂದೆ ತಾವೇ ಪ್ರಸಿದ್ಧ ವಿನ್ಯಾಸಕಾರರಾದರು.

ಆದರೆ ಹೆಮ್ಮೆ ಹೆಚ್ಚು ಕಾಲ ಬಾಳಲಿಲ್ಲ. ಜಪಾನಿ ಭಾಷೆಯಲ್ಲಿ 'ಒತಾಕು' ಎಂದರೆ ಮೂಲತಃ ತಮ್ಮ ಮನೆ ಎಂದರ್ಥ. ಅದೇ ಗೌರವದ ಮಧ್ಯಮಪುರುಷವೂ ಆಗುತ್ತದೆ, ನಮ್ಮ 'ತಾವು' ಎಂಬಂತೆ. ಸಮ್ಮೇಳನಗಳಲ್ಲಿ ಭೇಟಿಯಾದ ಅಭಿಮಾನಿಗಳು ಅತಿ ಸಲುಗೆಯೂ ಬೇಡ, ಅನಾದರವೂ ಬೇಡ ಎಂಬಂತೆ ಒಬ್ಬರನ್ನೊಬ್ಬರು ಹೀಗೆ ಸಂಬೋಧಿಸುತ್ತಿದ್ದರು. 1983ರಲ್ಲಿ ನಾಕಾಮೊರಿ ಆಕಿಯೊ ಎಂಬ ಲೇಖಕರು 'ಮಂಗಾ ಬುರಿಕ್ಕೊ' ಪತ್ರಿಕೆಯ ತಮ್ಮ ಅಂಕಣದಲ್ಲಿ ಆ ಸಂಬೋಧನೆಯನ್ನೇ ಹಿಡಿದು, ಅಭಿಮಾನಿಗಳ ಉಡುಪು, ನಡಿಗೆ, ಮೈಕಟ್ಟುಗಳನ್ನು ಗೇಲಿ ಮಾಡಿ, ಅದನ್ನು ಒಂದು ಜಾತಿಯ ಹೆಸರಾಗಿಸಿದರು. ಆ ಬರಹ ಓದುಗರನ್ನೇ ಅವಮಾನಿಸುತ್ತದೆಂದು ಸಂಪಾದಕ ಒತ್ಸುಕಾ ಎಯ್ಜಿ ಅಂಕಣವನ್ನು ನಿಲ್ಲಿಸಿದರು. ಹೆಸರು ಮಾತ್ರ ನಿಲ್ಲಲಿಲ್ಲ.

1989ರಲ್ಲಿ ಅದು ಶಾಪವಾಯಿತು. ನಾಲ್ವರು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ ಯುವಕನೊಬ್ಬ ಆ ಬೇಸಿಗೆಯಲ್ಲಿ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ನೆಲದಿಂದ ಛಾವಣಿಯವರೆಗೆ ಪೇರಿಸಿದ್ದ 5,000ಕ್ಕೂ ಹೆಚ್ಚು ವಿಡಿಯೊ ಕ್ಯಾಸೆಟ್ಟುಗಳ ಚಿತ್ರ ದೇಶದ ಪತ್ರಿಕೆ, ಟಿ.ವಿ.ಗಳನ್ನೆಲ್ಲ ತುಂಬಿತು. ಕಪಾಟೇ ತಪ್ಪೊಪ್ಪಿಗೆಯೆಂಬಂತೆ ಓದಲಾಯಿತು. ಅಂಥ ಕಪಾಟುಗಳಿದ್ದ, ಯಾರಿಗೂ ಕೇಡೆಣಿಸದ ಅಸಂಖ್ಯ ತರುಣ ತರುಣಿಯರು ತಮ್ಮ ಮನೆಯವರ, ಸಹಪಾಠಿಗಳ ಕಣ್ಣಲ್ಲಿ ಒಮ್ಮೆಲೇ ಶಂಕಿತರಾದರು. ಮೆಚ್ಚಿನದನ್ನು ಹೇಳಿಕೊಳ್ಳುವುದು ನಿಂತು, ಬಚ್ಚಿಡುವುದು ಮೊದಲಾಯಿತು. ಅಂದು ಗೇಲಿ ಮಾಡಿದ್ದ ನಾಕಾಮೊರಿ, ಅಂಕಣ ನಿಲ್ಲಿಸಿದ್ದ ಒತ್ಸುಕಾ, ಇಬ್ಬರೂ ಅದೇ ವರ್ಷ ಆ ತಲೆಮಾರಿನ ಬಗ್ಗೆ ಒಂದೇ ಪುಸ್ತಕದಲ್ಲಿ ಚರ್ಚೆಗೆ ಕುಳಿತರು. ಅಭಿರುಚಿಯಿಂದ ಶೀಲವನ್ನು ನಿರ್ಣಯಿಸುವ ಆಟ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಈ ಚರಿತ್ರೆಯಲ್ಲಿಲ್ಲ.

ಪ್ರಶ್ನೆಯನ್ನು ಅಭಿಮಾನಿಗೇ ತಿರುಗಿಸಿದವರು ಅನ್ನೊ ಹಿದೆಯಾಕಿ. ಇವರು ಹದಿಹರೆಯದಲ್ಲಿ ಯಮಾಟೊಗೆ ಮನಸೋತು, ಅಭಿಮಾನಿಗಳ ಸಮ್ಮೇಳನಕ್ಕಾಗಿ ಚಿತ್ರ ಮಾಡುತ್ತಲೇ ಕಲಾವಿದರಾದವರು. 1995ರಲ್ಲಿ ಆರಂಭವಾದ ಅವರ 'ನಿಯಾನ್ ಜೆನಿಸಿಸ್ ಇವಾಂಗೆಲಿಯನ್' ಯುದ್ಧಯಂತ್ರದೊಳಗೆ ಕೂರಲು ಒಲ್ಲದ ಹುಡುಗನ ಕಥೆ. ಅದರ 1997ರ ಚಲನಚಿತ್ರದಲ್ಲಿ ಒಂದೆಡೆ ರೇಖಾಚಿತ್ರ ಮರೆಯಾಗಿ, ಚಿತ್ರಮಂದಿರದಲ್ಲಿ ಕುಳಿತ ನಿಜವಾದ ಪ್ರೇಕ್ಷಕರೇ ತೆರೆಯ ಮೇಲೆ ಕಾಣಿಸುತ್ತಾರೆ. 2001ರಲ್ಲಿ ವಿಮರ್ಶಕ ಅಜುಮಾ ಹಿರೋಕಿ ಇನ್ನೊಂದು ಮಾತು ಮುಂದಿಟ್ಟರು: ಹೊಸ ಪೀಳಿಗೆ ಮಹಾಕಥನವನ್ನು ಅರಸುವುದಿಲ್ಲ, ಪಾತ್ರಗಳ ಬಿಡಿ ಲಕ್ಷಣಗಳನ್ನು ಒಂದು ಭಂಡಾರದಿಂದ ಆರಿಸಿಕೊಂಡು ಮೆಚ್ಚುತ್ತದೆ. ಈ ವಾದವನ್ನು ಪೂರ್ತಿ ಒಪ್ಪದಿದ್ದರೂ ಒಂದನ್ನು ಗಮನಿಸಬೇಕು. ಇಬ್ಬರು ಒಂದೇ ಕೃತಿಯ ಹೆಸರು ಹೇಳಿದ ಮಾತ್ರಕ್ಕೆ ಇಬ್ಬರೂ ಒಂದನ್ನೇ ಮೆಚ್ಚಿದ್ದಾರೆಂದು ಅರ್ಥವಲ್ಲ.

ನಮ್ಮ ದೇಶಕ್ಕೂ ಈ ಕಥೆಯ ಒಂದು ಎಳೆ ತಲುಪಿದೆ. ಹೈಡಿಯನ್ನು ನಿರ್ಮಿಸಿದ ಸಂಸ್ಥೆಯ ಬಳಗದಿಂದ 1975ರಲ್ಲಿ ನಿಪ್ಪಾನ್ ಅನಿಮೇಷನ್ ಹುಟ್ಟಿತು. ಅದು 1989ರಲ್ಲಿ ತಯಾರಿಸಿದ ಮೋಗ್ಲಿಯ ಧಾರಾವಾಹಿ 1993ರಲ್ಲಿ ದೂರದರ್ಶನದ ಭಾನುವಾರವನ್ನು ಆಳಿತು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ನೀಡಿದ ಅದರ ಹಿಂದಿ ಹಾಡನ್ನು ಮುಂಬಯಿಯ, ದಿಲ್ಲಿಯ ಕನ್ನಡ ಮಕ್ಕಳೂ ಬಾಯಿಪಾಠ ಮಾಡಿದ್ದರು. ಅದು ಜಪಾನಿನದೆಂದು ತಿಳಿದು ನೋಡಿದವರು ವಿರಳ. ಆ ಪೀಳಿಗೆಗೆ ಮೋಗ್ಲಿ ಮೆಚ್ಚಾದನೆಂದರೆ ಅದರಲ್ಲಿ ಸ್ವಭಾವದ ಪಾಲೆಷ್ಟು, ಬೇರೊಂದು ಕಾರ್ಯಕ್ರಮವೇ ಇಲ್ಲದ ಭಾನುವಾರದ ಪಾಲೆಷ್ಟು? ಮುಂದಿನ ಪೀಳಿಗೆ ಹಾಗಲ್ಲ. ಶಿಂಕಾಯ್ ಮಕೊಟೊ ಅವರ 'ವೆದರಿಂಗ್ ವಿತ್ ಯೂ' ಚಿತ್ರ 2019ರ ಅಕ್ಟೋಬರ್‌ನಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದ ಮೇಲೆ. ಇವರು ಸಿಕ್ಕಿದ್ದನ್ನು ಮೆಚ್ಚಿದವರಲ್ಲ, ಮೆಚ್ಚಿದ್ದನ್ನು ಕೇಳಿ ಪಡೆದವರು.

ಹಾಗಾದರೆ ಮೆಚ್ಚಿನ ಅನಿಮೆ ಏನನ್ನು ಹೇಳುತ್ತದೆ? ಮೊದಲಿಗೆ ಅದು ಕಾಲವನ್ನು ಹೇಳುತ್ತದೆ: ಯಾವ ವಯಸ್ಸಿನಲ್ಲಿ, ಯಾರ ಪಕ್ಕ ಕುಳಿತು, ಬೇರೇನನ್ನು ಬಿಟ್ಟು ನೋಡಿದ್ದು ಎಂಬುದನ್ನು. ಆ ಬಳಿಕ ಅದು ಕಣ್ಣನ್ನು ಹೇಳುತ್ತದೆ: ಗಂಡಮ್‌ನಲ್ಲಿ ಒಬ್ಬರಿಗೆ ಯಂತ್ರ ಕಂಡಿತು, ಒಬ್ಬರಿಗೆ ಮುಖವಾಡದ ಶತ್ರುವಿನ ಅಳಲು, ಮತ್ತೊಬ್ಬರಿಗೆ ಯುದ್ಧದ ವ್ಯರ್ಥತೆ. ಶೀಲವನ್ನು ಮಾತ್ರ ಅದು ಹೇಳುವುದಿಲ್ಲ. ಹೆಸರು ಬರೆದರೆ ಸಾವು ಬರುವ ಪುಸ್ತಕದ ಕಥೆಯಾದ 'ಡೆತ್ ನೋಟ್' ಮಗಳಿಗೆ ಮೆಚ್ಚು ಎಂದು ಪುಣೆಯಲ್ಲೋ ಚೆನ್ನೈಯಲ್ಲೋ ಕಳವಳಪಡುವ ತಾಯಿತಂದೆಯರು ಇದನ್ನು ನೆನೆಯುವುದು ಒಳಿತು. ಅವಳನ್ನು ಹಿಡಿದಿಟ್ಟದ್ದು ಕೊಲೆಯಲ್ಲ, ಇಬ್ಬರು ಬುದ್ಧಿವಂತರ ಚದುರಂಗವಿರಬಹುದು. ಅಥವಾ ನ್ಯಾಯದ ಹೆಸರಿನಲ್ಲಿ ಕೆಡುತ್ತ ಹೋಗುವ ಹುಡುಗನ ಪತನವಿರಬಹುದು.

ಯಾವುದು ಎಂಬ ಪ್ರಶ್ನೆಯ ಬೆನ್ನಿಗೇ ಯಾಕೆ ಎಂಬುದನ್ನೂ ಕೇಳಿ, ಉತ್ತರ ಮುಗಿಯುವವರೆಗೆ ಕಾದರೆ ಮಾತು ಬೆಳೆಯುತ್ತದೆ. ಯಾವುದು ಎಂಬಲ್ಲಿಗೇ ನಿಂತರೆ ತೀರ್ಪಷ್ಟೇ ಉಳಿಯುತ್ತದೆ. ನಮ್ಮ ಮಕ್ಕಳ ವಿಷಯದಲ್ಲಿ ಈ ಎಚ್ಚರ ಬೇಕು. ಭೈರಪ್ಪ, ಅನಂತಮೂರ್ತಿಯವರ ಹೆಸರು ಹಿಡಿದು ನಾವು ಪರಸ್ಪರ ತೂಗುವಾಗಲೂ ಅದು ಬೇಡವೆನ್ನಲು ಕಾರಣವಿಲ್ಲ.