ಬ್ಯಾಂಕಿನ ಐಟಿ ಕೆಲಸ ಹೊರಗುತ್ತಿಗೆಗೆ ಹೋದರೆ ನಮ್ಮ ಹಣಕ್ಕೆ ಯಾರು ಹೊಣೆ?

“ಬ್ಯಾಂಕಿನ ಕಂಪ್ಯೂಟರ್ ಕೆಲಸವನ್ನೆಲ್ಲ ಹೊರಗಿನ ಕಂಪನಿಗೆ ಕೊಟ್ಟಿದ್ದಾರೆ. ದುಡ್ಡು ಹೋದರೆ ಬ್ಯಾಂಕ್ ಜವಾಬ್ದಾರಿ ಅಲ್ಲ. ಈಗಲೇ ಡ್ರಾ ಮಾಡಿಕೊಳ್ಳಿ!” ಈ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೊದಲ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಎರಡನೆಯದು ತಪ್ಪು.

ಹೊರಗುತ್ತಿಗೆ ಹೊಸದೇನಲ್ಲ. ಅಮೆರಿಕದ ಕೊಡಾಕ್ ಕಂಪನಿ 1989ರಲ್ಲೇ ತನ್ನ ಡೇಟಾ ಸೆಂಟರ್ ಕೆಲಸವನ್ನು ಐಬಿಎಂಗೆ ವಹಿಸಿತ್ತು. ನಮ್ಮ ಬ್ಯಾಂಕುಗಳಲ್ಲಿ ಲೆಡ್ಜರ್ ಹೋಗಿ ಕೋರ್ ಬ್ಯಾಂಕಿಂಗ್ ಬಂತು, 2016ರಲ್ಲಿ ಯುಪಿಐ ಬಂತು. ಈಗ ರಾತ್ರಿ 2 ಗಂಟೆಗೂ ಸರ್ವರ್ ಎಚ್ಚರವಾಗಿರಬೇಕು. ನಾಲ್ಕೈದು ಶಾಖೆಗಳ ಸಹಕಾರಿ ಬ್ಯಾಂಕೊಂದು ಇದಕ್ಕೆ ಸ್ವಂತ ಡೇಟಾ ಸೆಂಟರ್, ಹಗಲು ರಾತ್ರಿ ಕಾಯುವ ಎಂಜಿನಿಯರ್‌ಗಳನ್ನು ಇಟ್ಟುಕೊಳ್ಳುವುದು ಕಷ್ಟ. ಹಾಗಾಗಿ ಹತ್ತಾರು ಬ್ಯಾಂಕುಗಳು ಒಂದೇ ಕಂಪನಿಯ ಸೇವೆ ಪಡೆಯುತ್ತವೆ.

ಅಪಾಯ ಇರುವುದೂ ಅಲ್ಲೇ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ 2024ರ ಜುಲೈನಲ್ಲಿ ರ‍್ಯಾನ್ಸಮ್‌ವೇರ್ ದಾಳಿಯ ಪರಿಣಾಮವಾಯಿತು. ಸೋಂಕು ಹರಡದಿರಲಿ ಎಂದು ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು, ಆಗಸ್ಟ್ 1ಕ್ಕೆ ಸಂಪರ್ಕ ಮರಳಿತು. ಪೇಮೆಂಟ್ ನಿಂತಿತು ಎಂದರೆ ಖಾತೆಯಲ್ಲಿದ್ದ ಹಣ ಮಾಯವಾಯಿತು ಎಂದಲ್ಲ. ಫಾರ್ವರ್ಡ್‌ಗಳು ಇವೆರಡನ್ನೂ ಒಂದೇ ಮಾಡಿಬಿಡುತ್ತವೆ.

ಇನ್ನು ಹೊಣೆಯ ಮಾತು. ಐಟಿ ಹೊರಗುತ್ತಿಗೆ ಕುರಿತು ಆರ್‌ಬಿಐ 2023ರ ಏಪ್ರಿಲ್‌ನಲ್ಲಿ ವಾಣಿಜ್ಯ ಬ್ಯಾಂಕುಗಳು, ದೊಡ್ಡ ನಗರ ಸಹಕಾರಿ ಬ್ಯಾಂಕುಗಳು ಮುಂತಾದವಕ್ಕೆ ಹೊರಡಿಸಿದ ನಿರ್ದೇಶನ ಇದನ್ನು ಸ್ಪಷ್ಟಪಡಿಸಿತು: ಕೆಲಸ ಹೊರಗೆ ಕೊಟ್ಟ ಮಾತ್ರಕ್ಕೆ ಗ್ರಾಹಕರ ಬಗೆಗಿನ ಬ್ಯಾಂಕಿನ ಹೊಣೆ ಕಡಿಮೆಯಾಗುವುದಿಲ್ಲ. “ಅದು ವೆಂಡರ್ ತಪ್ಪು, ನಮ್ಮದಲ್ಲ” ಎಂದು ಕೌಂಟರಿನಲ್ಲಿ ಹೇಳಿದರೆ ಒಪ್ಪಬೇಕಿಲ್ಲ.

ಗ್ರಾಹಕರ ಹೊಣೆಯ ಮಿತಿ ಕುರಿತ ಆರ್‌ಬಿಐನ 2017ರ ಸುತ್ತೋಲೆ ಇನ್ನಷ್ಟು ಉಪಯೋಗದ್ದು. ನಿಮ್ಮದೂ ಅಲ್ಲದ, ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ದಿನವಾದರೆ ಒಂದು ಮಿತಿಯವರೆಗೆ ನಿಮ್ಮದು. ತಪ್ಪು ಗ್ರಾಹಕರದು ಎಂದು ಸಾಬೀತು ಮಾಡಬೇಕಾದ್ದು ಬ್ಯಾಂಕ್. ಆದರೆ ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ದೂರು ಮುಟ್ಟುವವರೆಗಿನ ನಷ್ಟವೆಲ್ಲ ನಿಮ್ಮದೇ.

ಹಾಗಾಗಿ ಹಣ ಕಡಿತದ ಎಸ್‌ಎಂಎಸ್ ಬಂದರೆ ಮೊದಲು ಬ್ಯಾಂಕಿಗೆ, ಜೊತೆಗೆ 1930ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಆಮೇಲೆ ಹೇಳಿದರಾಯಿತು.