ಉಸಿರಿನ ಮುಖವಾಡ, ಕಣ್ಣಡಿಯ ಊತ

ರಾತ್ರಿಯಿಡೀ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಿದವರು ಬೆಳಗ್ಗೆ ಕನ್ನಡಿ ನೋಡಿಕೊಂಡರೆ ಕಣ್ಣ ಕೆಳಗೆ ಊತ, ಕೆನ್ನೆಯ ಮೇಲೆ ಪಟ್ಟಿಯ ಬರೆ. ನಂದಿನಿ ಲೇಔಟ್, ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರದಂತಹ ಬಡಾವಣೆಗಳ ಮನೆಗಳಿಗೂ ಇಂದು ‘ಸಿಪ್ಯಾಪ್’ ಎಂಬ ಉಸಿರಿನ ಯಂತ್ರ ಬಂದಿದೆ. ಅದರ ಹಿಂದೆಯೇ ಈ ಚಿಕ್ಕ ತೊಂದರೆಯೂ ಬಂದಿದೆ. ‘ಯಾಕೆ, ರಾತ್ರಿ ನಿದ್ದೆಯಾಗಲಿಲ್ಲವೇ?’ ಎಂದು ಆಫೀಸಿನಲ್ಲಿ ನಾಲ್ಕು ಜನ ಕೇಳಿದರೆ ಸಾಕು, ಯಂತ್ರ ಬೀರುವಿನ ಮೇಲಕ್ಕೆ ಹೋಗುತ್ತದೆ. ಮುಖ ಉಳಿಸಿಕೊಳ್ಳಲು ಹೋಗಿ ಉಸಿರಿಗೆ ಸಂಚಕಾರ ತಂದುಕೊಳ್ಳುವುದೆಂದರೆ ಇದೇ. ಈ ಊತಕ್ಕೂ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ಪರಿಹಾರದ ದಾರಿಯೂ ಕಾಣುತ್ತದೆ.

ಗೊರಕೆ ನಮಗೆ ಎಂದಿನಿಂದಲೂ ನಗೆಯ ವಸ್ತು. ಮಲಗಿದರೆ ಏಳದವನನ್ನು ಕುಂಭಕರ್ಣ ಎಂದು ಕರೆಯದ ಮನೆಯಿಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ಗಾಳಿಗೆ ಎದುರು ನಿಲ್ಲಲಾರದೆ ಹೋಗುತ್ತಾರೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹೆರಾಕ್ಲಿಯದ ದೊರೆ ಡಯೊನೀಸಿಯಸ್ ವಿಪರೀತ ದಪ್ಪನಾಗಿದ್ದ. ಅವನು ಗಾಢ ನಿದ್ದೆಗೆ ಜಾರಿದಾಗ ಉದ್ದನೆಯ ಸೂಜಿಗಳಿಂದ ಚುಚ್ಚಿ ಎಬ್ಬಿಸಬೇಕಿತ್ತೆಂದು ಗ್ರೀಕ್ ಬರಹಗಾರರು ಹೇಳುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1836ರಲ್ಲಿ ಬರೆಯತೊಡಗಿದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ನಿಂತಲ್ಲೇ ನಿದ್ದೆಹೋಗುವ ಜೋ ಎಂಬ ದಢೂತಿ ಹುಡುಗ ಬರುತ್ತಾನೆ. 1956ರಲ್ಲಿ ಅಮೆರಿಕದ ವೈದ್ಯರು ಇಂತಹ ಲಕ್ಷಣಗಳ ರೋಗಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು.

ನಿಜವಾದ ಕಾರಣ ತಿಳಿದದ್ದು 1965ರಲ್ಲಿ. ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಇಂತಹ ರೋಗಿಗಳ ನಿದ್ದೆಯನ್ನು ಯಂತ್ರಗಳಿಂದ ಅಳೆದಾಗ, ನಿದ್ದೆಯಲ್ಲಿ ಅವರ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದ್ದುದು ಕಂಡಿತು. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಲ್ಲುವುದು, ಮೆದುಳು ಬೆಚ್ಚಿ ಎಚ್ಚರಿಸುವುದು, ಮತ್ತೆ ಗೊರಕೆ. ರೋಗ ತೀವ್ರವಾಗಿದ್ದವರಲ್ಲಿ ಇದು ಗಂಟೆಗೆ ಮೂವತ್ತಕ್ಕೂ ಹೆಚ್ಚು ಬಾರಿ ನಡೆಯುತ್ತದೆ. ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಆಯಾಸವಾಗುತ್ತದೆ, ಹಗಲಲ್ಲಿ ವಾಹನ ಓಡಿಸುವಾಗಲೂ ತೂಕಡಿಕೆ ಬರುತ್ತದೆ. ಆಗ ಇದಕ್ಕಿದ್ದ ಖಚಿತ ಚಿಕಿತ್ಸೆ ಒಂದೇ: ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಡುವುದು.

ಗಾಳಿಯ ಒತ್ತಡದಿಂದ ಉಸಿರಾಟಕ್ಕೆ ನೆರವಾಗುವ ಯೋಚನೆ ಮಾತ್ರ ಹಳೆಯದು. 1936ರಲ್ಲೇ ಲಂಡನ್ನಿನ ಡಾ. ಪೌಲ್ಟನ್ ಅವರು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದ ಹೃದ್ರೋಗಿಗಳಿಗೆ ಗಾಳಿ ಊದಿಸಿದ್ದರು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಾ. ಗ್ರೆಗರಿ ನವಜಾತ ಶಿಶುಗಳ ಮೇಲೆ ಈ ವಿಧಾನವನ್ನು ಬಳಸಿದರು. ಸಿಡ್ನಿಯ ಡಾ. ಕಾಲಿನ್ ಸಲಿವನ್ 1980ರಲ್ಲಿ ಇದನ್ನು ನಿದ್ದೆಯ ಉಸಿರುಕಟ್ಟಿಗೆ ಪ್ರಯೋಗಿಸಿದರು. ಐವರು ರೋಗಿಗಳ ಅನುಭವವನ್ನು 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಅವರಿಗೆ ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಎಳನೀರಿನ ಸ್ಟ್ರಾ ಒಂದನ್ನು ಲೋಟದ ನೀರಿನಲ್ಲಿ ಹತ್ತು ಸೆಂಟಿಮೀಟರ್ ಅದ್ದಿ ಗುಳ್ಳೆ ಬರುವಂತೆ ಊದಿದರೆ ಆಗುವಷ್ಟು ಮಾತ್ರ! ಅಷ್ಟರಿಂದಲೇ ಗಂಟಲಿನ ದಾರಿ ತೆರೆದುಕೊಂಡು ಅವರು ರಾತ್ರಿಯಿಡೀ ನಿದ್ರಿಸಿದರು.

ಗಾಳಿ ಊದುವುದು ಸುಲಭವಾಯಿತು. ಅದು ಸೋರದಂತೆ ಮುಖಕ್ಕೆ ಕೂಡಿಸುವುದೇ ಕಷ್ಟವಾಯಿತು. ಮೊದಲ ರೋಗಿಗಳ ಮೂಗಿನ ಅಚ್ಚು ತೆಗೆದು ಒಬ್ಬೊಬ್ಬರಿಗೂ ಬೇರೆ ಬೇರೆ ಮಾಸ್ಕ್ ಮಾಡುತ್ತಿದ್ದರು. ಅದನ್ನು ಪ್ರತಿರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಬೇಕಿತ್ತು. ಮುಂದೆ ಮೃದುವಾದ ಸಿಲಿಕೋನ್ ಅಂಚು ಮತ್ತು ತಲೆಯ ಸುತ್ತ ಬಿಗಿಯುವ ಪಟ್ಟಿಗಳು ಬಂದವು. ಅಂಟಿನ ಕೆಲಸ ಪಟ್ಟಿಗೆ ಬಂತು. ಇಂದಿನ ಊತದ ಮೂಲ ಇಲ್ಲೇ ಇದೆ.

ಕಣ್ಣಡಿಯ ಚರ್ಮ ಬಹಳ ತೆಳುವಾದದ್ದು, ಅದರ ಕೆಳಗಿನ ಪದರವೂ ಸಡಿಲ. ಪಟ್ಟಿಯನ್ನು ಬಿಗಿದಾಗ ಮಾಸ್ಕಿನ ಅಂಚು ಕೆನ್ನೆಯನ್ನು ಒತ್ತುತ್ತದೆ. ಅಲ್ಲಿಂದ ಕೆಳಗಿಳಿಯಬೇಕಾದ ದ್ರವ ಕಣ್ಣ ಕೆಳಗೆ ನಿಲ್ಲುತ್ತದೆ. ಮಾಸ್ಕ್ ಸೋರುತ್ತಿದ್ದರೆ ಗಾಳಿ ಕಣ್ಣಿಗೆ ಬಡಿದು ಉರಿ, ಕೆಂಪು ಕಾಣಿಸುತ್ತದೆ. ಸೋರುತ್ತದೆಂದು ಪಟ್ಟಿಯನ್ನು ಇನ್ನಷ್ಟು ಬಿಗಿಯುವುದು ಎಲ್ಲರೂ ಮಾಡುವ ಕೆಲಸ. ಊತ ಹೆಚ್ಚುವುದೂ ಅದರಿಂದಲೇ.

ಆದ್ದರಿಂದ ಮೊದಲ ಮದ್ದು ಸಡಿಲಿಸುವುದು. ಕುಳಿತು ಅಲ್ಲ, ಮಲಗಿ, ಯಂತ್ರ ನಡೆಯುತ್ತಿರುವಾಗ ಪಟ್ಟಿಯನ್ನು ಹೊಂದಿಸಬೇಕು. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಸುಲಭವಾಗಿ ಹೋಗುವಂತಿರಲಿ. ಮುಖದ ಜಿಡ್ಡು ಹತ್ತಿದ ಸಿಲಿಕೋನ್ ಜಾರುತ್ತದೆ. ಹೀಗಾಗಿ ಅದನ್ನು ದಿನವೂ ಸೌಮ್ಯ ಸೋಪಿನಿಂದ ತೊಳೆಯಬೇಕು, ಹಳತಾದರೆ ಬದಲಿಸಬೇಕು. ಅಳತೆ ಹೊಂದದಿದ್ದರೆ ಬೇರೆ ಮಾಸ್ಕ್ ಕೇಳಬೇಕು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಬಗೆಯವು ಕೆನ್ನೆಯನ್ನು ಅಷ್ಟಾಗಿ ಒತ್ತುವುದಿಲ್ಲ. ಆದರೆ ಬಾಯಿಯಿಂದ ಉಸಿರಾಡುವವರಿಗೆ ಅವು ಒಗ್ಗದಿರಬಹುದು. ತಲೆಯ ಭಾಗ ತುಸು ಎತ್ತರವಾಗಿರಲಿ. ರಾತ್ರಿಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ. ಬೆಳಗ್ಗೆ ತಣ್ಣೀರಿನ ಬಟ್ಟೆ ಕೆಲವು ನಿಮಿಷ ಇಟ್ಟರೆ ಹಿತ. ಯಂತ್ರದ ಒತ್ತಡವನ್ನು ಮಾತ್ರ ವೈದ್ಯರನ್ನು ಕೇಳದೆ ತಗ್ಗಿಸಬಾರದು.

ಎಲ್ಲ ಊತದ ಅಪವಾದವನ್ನೂ ಮಾಸ್ಕಿನ ತಲೆಗೆ ಕಟ್ಟುವುದೂ ಸರಿಯಲ್ಲ. ರೆಪ್ಪೆ ಜೋಲಾಗಿ ಕಣ್ಣು ಕೆರಳುವ ಒಂದು ತೊಂದರೆಯನ್ನು ನೇತ್ರವೈದ್ಯರು ಅದೇ 1981ರಲ್ಲಿ ವರ್ಣಿಸಿದರು. ಅದಕ್ಕೂ ನಿದ್ದೆಯ ಉಸಿರುಕಟ್ಟಿಗೂ ನಂಟಿರುವುದು ಆಮೇಲೆ ತಿಳಿಯಿತು. ಅಂದರೆ ಯಂತ್ರ ಬಿಟ್ಟವರ ಕಣ್ಣಿಗೂ ಸುಖವಿಲ್ಲ. ಊತ ಮಧ್ಯಾಹ್ನವಾದರೂ ಇಳಿಯದಿದ್ದರೆ, ಕಾಲೂ ಊದಿಕೊಂಡರೆ, ಮೂತ್ರಪಿಂಡ, ಥೈರಾಯ್ಡ್, ಹೃದಯಗಳ ಪರೀಕ್ಷೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಸಂಶೋಧನೆಗೆಂದೇ ಪ್ರಯೋಗಾಲಯವಿದೆ. ನಗರದ ಅನೇಕ ಆಸ್ಪತ್ರೆಗಳಲ್ಲಿ ನಿದ್ರೆಯ ತಪಾಸಣೆ ನಡೆಯುತ್ತದೆ. ಕೇಳುವ ಸಂಕೋಚವೊಂದು ಇರಬಾರದು.

ಕತ್ತಿನ ರಂಧ್ರದಿಂದ ಅಂಟಿಗೆ, ಅಂಟಿನಿಂದ ಪಟ್ಟಿಗೆ ಬಂದ ದಾರಿಯಲ್ಲಿ ಉಳಿದಿರುವ ತೊಡಕು ಈ ಊತ. ಪಟ್ಟಿಯನ್ನು ಸಡಿಲಿಸಬಹುದು, ಮಾಸ್ಕನ್ನು ಬದಲಿಸಬಹುದು. ಯಂತ್ರವನ್ನು ಬೀರುವಿನ ಮೇಲಿಟ್ಟರೆ ಗಂಟಲು ಮತ್ತೆ ಮುಚ್ಚಿಕೊಳ್ಳುವುದು ಅದೇ ರಾತ್ರಿ.