ಪೌರನೀತಿ: ವಿಧೇಯತೆಯಿಂದ ಪ್ರಶ್ನೆಯೆಡೆಗೆ

ನಮ್ಮ ಶಾಲೆಗಳಿಗೆ ಪೌರನೀತಿ ಬಂದದ್ದು ಬ್ರಿಟಿಷರ ಕಾಲದಲ್ಲಿ. ಭಾರತೀಯರಲ್ಲಿ ರಾಜನಿಷ್ಠೆ ಕುಂದುತ್ತಿದ್ದಾಗ ಆಳುವವರಿಗೆ ಬೇಕಾಗಿದ್ದುದು ವಿಧೇಯ ಪ್ರಜೆ. ಸ್ವಾತಂತ್ರ್ಯಾನಂತರವೂ ಆ ಪಾಠದ ಗುಣ ಹೆಚ್ಚು ಬದಲಾಗಲಿಲ್ಲ. ರಾಷ್ಟ್ರಪತಿಯ ಅಧಿಕಾರಗಳು, ರಾಜ್ಯಸಭೆಯ ಸದಸ್ಯರ ಸಂಖ್ಯೆ ಬಾಯಿಪಾಠವಾದರೆ ನಾವು ಪಾಸಾಗುತ್ತಿದ್ದೆವು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಸಾಹತು ಹಿನ್ನೆಲೆಯನ್ನು ಗುರುತಿಸಿ, ಪೌರನೀತಿಯ ಬದಲು ರಾಜ್ಯಶಾಸ್ತ್ರ ಕಲಿಸಬೇಕೆಂದಿತು. ಬಳಿಕ ಎನ್‌ಸಿಇಆರ್‌ಟಿ ಹೊರತಂದ 9 ಮತ್ತು 10ನೇ ತರಗತಿಯ ಪುಸ್ತಕಗಳಲ್ಲಿ ವ್ಯಂಗ್ಯಚಿತ್ರಗಳಿದ್ದವು; ಉನ್ನಿ, ಮುನ್ನಿ ಎಂಬ ಚಿತ್ರದ ಮಕ್ಕಳು ಪ್ರಶ್ನೆ ಕೇಳುತ್ತಿದ್ದರು.

10ನೇ ತರಗತಿಯ ಜನಾಂದೋಲನಗಳ ಅಧ್ಯಾಯದಲ್ಲಿ ನಮ್ಮ ನಾಡಿನ 'ಕಿತ್ತಿಕೋ ಹಚ್ಚಿಕೋ' ಚಳವಳಿಯೂ ಇತ್ತು. ಸರಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪೆನಿ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು 40 ವರ್ಷಗಳಿಗೆ ಕೊಟ್ಟಿತ್ತು. ರೈತರ ದನಗಳು ಮೇಯುತ್ತಿದ್ದ ನೆಲದಲ್ಲಿ ಕಾಗದದ ತಿರುಳಿಗಾಗಿ ನೀಲಗಿರಿ ಬಂತು. 1987ರಲ್ಲಿ ಜನರು ಹಿಂಸೆಗಿಳಿಯದೆ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಮರಗಳ ಸಸಿಗಳನ್ನು ಹಚ್ಚಿದರು.

2022ರಲ್ಲಿ ಓದಿನ ಹೊರೆ ಇಳಿಸುವ ಕಾರಣ ನೀಡಿ ಕೈಬಿಟ್ಟ ಪಾಠಗಳಲ್ಲಿ ಈ ಅಧ್ಯಾಯವೂ ಸೇರಿತು.

ಸಸಿ ಕಿತ್ತ ರೈತರು ಸರಿಯೇ, ಕಾರ್ಖಾನೆಗೆ ಮರ ಬೇಕೆಂದ ಸರಕಾರ ಸರಿಯೇ ಎಂದು ಮಕ್ಕಳು ತರಗತಿಯಲ್ಲೇ ವಾದಿಸಬಹುದಿತ್ತು. ಎರಡು ಮೂರು ವರ್ಷಗಳಲ್ಲಿ ಮತಗಟ್ಟೆಗೆ ಹೋಗಬೇಕಾದವರಿಗೆ ಆ ವಾದಕ್ಕಿಂತ ಒಳ್ಳೆಯ ತಯಾರಿ ಯಾವುದು? ಪುಸ್ತಕದಲ್ಲಿ ಪಾಠವಿಲ್ಲದಿದ್ದರೂ ನಮ್ಮ ಶಿಕ್ಷಕರು ಈ ಕಥೆ ಹೇಳಬಹುದು. ಅದು ನಡೆದದ್ದು ನಮ್ಮದೇ ಮಣ್ಣಿನಲ್ಲಿ.